ಬಚ್ಚಲೊಲೆ ಹೊಕ್ಕ ರೈಲು

ನೀವು ನಂಬುವುದಿಲ್ಲ, ಪಂಥ ಬೇಕಾದರೂ ಕಟ್ಟುತ್ತೇನೆ. ರೈಲು ಹಳಿಯೇ ಇಲ್ಲದ ನಮ್ಮ ಕೊಪ್ಪದಲ್ಲಿ, ನನ್ನ ಮನೆಯ ಬಚ್ಚಲಿನಿಂದ ನಡುಮನೆಗೆ ದಿನಕ್ಕೆರಡು ಸಲ ರೈಲು ಓಡುತ್ತದೆ. ಅದರ ವಿಷಯ ಇಂಗ್ಲೆಂಡಿನಲ್ಲಿ ಗೊತ್ತು, ಪುಣೆಯಲ್ಲಿ ಗೊತ್ತು, ಪಕ್ಕದ ಮನೆಯವರಿಗೆ ಮಾತ್ರ ಗೊತ್ತಿಲ್ಲ. ಹೇಳಿದರೆ "ಹೌದೌದು ಮಾರಾಯ್ರೆ, ಟಿಕೆಟ್ ನೀವೇ ಕೊಡ್ತೀರಲ್ಲ?" ಎಂದು ನಕ್ಕು ಹೋಗುತ್ತಾರೆ. ಅವರದ್ದು ತಪ್ಪಲ್ಲ. ಮೂವತ್ತು ವರ್ಷ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಏಜೆಂಟನಾಗಿದ್ದವನು ನಾನು. "ಇವತ್ತು ಬಸ್ಸು ಶೃಂಗೇರಿಗೆ ರಿವರ್ಸಿನಲ್ಲೇ ಹೋಗ್ತದೆ, ತಲೆ ಸುತ್ತುವವರು ಹಿಂದಿನ ಸೀಟಿಗೆ ಹೋಗಿ" ಎಂದು ಕೂಗಿ, ಹನ್ನೊಂದು ಜನರನ್ನು ಎಬ್ಬಿಸಿ, ಮಾವನವರಿಗೆ ಮುಂದಿನ ಸೀಟು ಕೊಡಿಸಿದ ಗಟ್ಟಿಗ. ಇಂಥ ಸಾಹಸಗಳಿಗೆ ಶಿಕ್ಷೆ ತಡವಾಗಿ ಬರುತ್ತದೆ. ಒಂದು ದಿನ ನಿಜವಾಗಿಯೂ ಚಕ್ರ ಪಂಕ್ಚರ್ ಆಗಿದೆ ಎಂದು ಕೂಗಿದೆ. ಡ್ರೈವರು ಇಳಿದು ನೋಡಲೇ ಇಲ್ಲ, ಹಲ್ಲು ಕಿರಿದು ಹರಿಹರಪುರದವರೆಗೂ ಹಾಗೇ ಓಡಿಸಿದ. ಅಂದಿನಿಂದ ನಾನು "ಮಳೆ ಬರ್ತಿದೆ" ಅಂದರೂ ಈ ಊರಿನಲ್ಲಿ ಜನ ಕೈ ಹೊರಗೆ ಚಾಚಿ ನೋಡುತ್ತಾರೆ.

ಬಸ್ಸಿನ ಹೊಗೆ ಕುಡಿದು ಬದುಕಿದರೂ ನನ್ನ ಮನಸ್ಸಿದ್ದದ್ದು ರೈಲಿನ ಮೇಲೆ. ಹಿಂದೊಂದು ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಒಂದು ಪುಟ್ಟ ರೈಲು ಬರುತ್ತಿತ್ತು. ಅಪ್ಪ ಚಿಕ್ಕವರಿದ್ದಾಗ ಅದರಲ್ಲಿ ಕೂತಿದ್ದರಂತೆ. ಏರು ಬಂದಲ್ಲಿ ಜನ ಇಳಿದು ಪಕ್ಕದಲ್ಲಿ ನಡೆಯುತ್ತಿದ್ದರು, ಕೆಲವರು ರೈಲಿಗಿಂತ ಮುಂದೆ ಹೋಗಿ ಕಾಯುತ್ತಿದ್ದರು ಎಂದು ಅವರು ಹೇಳುತ್ತಿದ್ದರು. ಅಪ್ಪನೂ ನನ್ನ ಜಾತಿಯವರೇ, ಎಷ್ಟು ನಿಜವೋ ಗೊತ್ತಿಲ್ಲ. ಅಂತೂ ಏಜೆಂಟ್ ಕೆಲಸ ಬಿಟ್ಟ ವರ್ಷ ಬೆಂಗಳೂರಿನ ಅಂಗಡಿಯೊಂದರಿಂದ ಅಂಗೈಯಗಲದ ಒಂದು ಇಂಜಿನ್ನು, ಎರಡು ಡಬ್ಬಿ, ನಾಲ್ಕು ಅಡಿ ಹಳಿ ತಂದೆ. ನಾಲ್ಕು ಅಡಿಯೆಂದರೆ ಹೊರಟಿತು ಅನ್ನುವಷ್ಟರಲ್ಲಿ ತಲುಪಿಬಿಡುತ್ತದೆ. ಹೆಂಡತಿ ಜಲಜಾಕ್ಷಿ ಒಂದು ಸಲ ನೋಡಿ, "ಇಷ್ಟು ದೂರಕ್ಕೆ ರೈಲು ಎಂತಕ್ಕೆ? ನಡ್ಕೊಂಡೇ ಹೋಗ್ಬಹುದಲ್ಲ" ಅಂದಳು.

ಬಸ್‌ಸ್ಟ್ಯಾಂಡಿನ ಎದುರು ಸೈಬರ್ ಸೆಂಟರ್ ಇಟ್ಟಿದ್ದ ಶಾಲಿನಿ ಒಂದು ದಿನ, ಇಂಥ ರೈಲಿನ ಹುಚ್ಚರದ್ದೇ ಒಂದು ಗುಂಪು ಇಂಟರ್‌ನೆಟ್ಟಿನಲ್ಲಿದೆ ಎಂದು ಹುಡುಕಿಕೊಟ್ಟಳು. ನಾನು ಕನ್ನಡದಲ್ಲಿ ಹೇಳುವುದು, ಅವಳು ಇಂಗ್ಲಿಷಿನಲ್ಲಿ ಕುಟ್ಟುವುದು. ನಡುವೆ ಕರೆಂಟು ಹೋದರೆ ಇಬ್ಬರೂ ಚಾ ಕುಡಿಯುವುದು. ಅದೊಂದು ಬೇರೆಯೇ ಲೋಕ ಮಾರಾಯ್ರೆ! ಏರಿನಲ್ಲಿ ಚಕ್ರ ಜಾರುತ್ತದೆ ಎಂದು ಒಬ್ಬ ಬರೆದರೆ ಮರುದಿನಕ್ಕೆ ಒಂಬತ್ತು ದೇಶದಿಂದ ಉಪಾಯ. ಇಂಜಿನ್ನು ಕೆಮ್ಮುತ್ತದೆ ಎಂದರೆ ಹೆನ್ರಿ ಎಂಬ ಇಂಗ್ಲೆಂಡಿನ ಮುದುಕರು ಎಲ್ಲಿ ಎಣ್ಣೆ ಬಿಡಬೇಕು ಎಂದು ಚಿತ್ರ ಬರೆದು ತೋರಿಸುತ್ತಿದ್ದರು. ಎಂಬತ್ತು ದಾಟಿದ ಅವರು ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಎಲ್ಲಕ್ಕಿಂತ ದೊಡ್ಡದು, ನಾನು ಹೇಳಿದ್ದನ್ನು ಅಲ್ಲಿ ನಂಬುತ್ತಿದ್ದರು. ಎಷ್ಟು ವರ್ಷವಾಗಿತ್ತು ನನ್ನನ್ನು ಯಾರಾದರೂ ನಂಬಿ! ಆ ಸುಖಕ್ಕೆ ತಲೆ ತಿರುಗಿ, ನರಸಿಂಹರಾಜಪುರದ ಹಳೆಯ ರೈಲಿನ ಪೂರ್ತಿ ಮಾದರಿ ನನ್ನ ಮನೆಯಲ್ಲಿದೆ, ಮೂರು ಕೋಣೆ ತುಂಬಾ ಹಳಿ ಹಾಕಿದ್ದೇನೆ ಎಂದು ಬರೆಸಿದೆ.

ಶಾಲಿನಿ ಕೈ ನಿಲ್ಲಿಸಿದಳು. "ಭಟ್ರೆ, ನಿಮ್ಮನೇಲಿ ಇರೋದೇ ಮೂರು ಕೋಣೆ."

"ಅದ್ಕೇ ಹೇಳಿದ್ದು ಮಾರಾಯ್ತಿ. ಸುಳ್ಳು ಅಳತೆಗೆ ಸರಿಯಾಗಿರ್ಬೇಕು."

ಫೋಟೋ ಕಳಿಸಿ ಎಂದರು. ನಾಲ್ಕು ಅಡಿ ಹಳಿಯಲ್ಲಿ ಮೂರು ಕೋಣೆ ತೋರಿಸುವುದು ಸಾಮಾನ್ಯರ ಕೆಲಸವಲ್ಲ, ನನ್ನಂಥವರದ್ದು. ಸ್ಟುಡಿಯೋದವನ ಡಿಜಿಟಲ್ ಕ್ಯಾಮೆರಾ ಕೇಳಿ ತಂದೆ. ಜಲಜಾಕ್ಷಿಯ ನೀಲಿ ಸೀರೆ ಮಡಚಿ ಹಿಂದೆ ನಿಲ್ಲಿಸಿದರೆ ಗುಡ್ಡಸಾಲು, ಊಟದ ತಟ್ಟೆಗೆ ನೀರು ಹುಯ್ದರೆ ಭದ್ರಾ ನದಿ. ಹಳಿಯನ್ನು ಅಲ್ಲಿಂದಿಲ್ಲಿಗೆ ಎತ್ತಿಟ್ಟು ಹದಿನಾಲ್ಕು ಊರು ದಾಟಿಸಿದೆ. ಸುರಂಗಕ್ಕೆ ನೀರು ಕಾಯಿಸುವ ನಮ್ಮ ಬಚ್ಚಲೊಲೆಯ ಬಾಯಿಯೇ ಆಯಿತು. ಮೂರು ತಲೆಮಾರಿನ ಮಸಿ! ಅದನ್ನು ನೋಡಿ ಗುಂಪಿಗೆ ಗುಂಪೇ ದಂಗಾಯಿತು. ಇಷ್ಟು ಸಹಜವಾಗಿ ಮಸಿ ಬಳಿಯಲು ಯಾವ ಬಣ್ಣ ಬಳಸಿದಿರಿ ಎಂದು ಕೇಳಿದರು. ಮನೆಯ ಗುಟ್ಟು ಎಂದು ಬರೆಸಿದೆ.

ಎಡವಟ್ಟಾದದ್ದು ಪಾಚಿಯಿಂದ. ಹಳಿಯ ಪಕ್ಕ ಹುಲ್ಲಿನಂತೆ ಕಾಣಲಿ ಎಂದು ಹಳ್ಳದ ಬದಿಯಿಂದ ಹಸಿ ಪಾಚಿ ಕಿತ್ತು ತಂದಿದ್ದೆ. ಅದರೊಳಗೆ ಒಂದು ಉಂಬಳ, ಅದೇ ನಿಮ್ಮ ಜಿಗಣೆ, ಕೂತಿದ್ದು ನನಗೆ ಕಾಣಲಿಲ್ಲ, ಕ್ಯಾಮೆರಾಕ್ಕೆ ಕಂಡಿತು. ರಕ್ತದ ವಾಸನೆಗೆ ಬಾಲದ ಮೇಲೆ ಎದ್ದು ನಿಂತು, ನನ್ನ ಕೈಯ ಕಡೆ ತಲೆ ಬಾಗಿಸಿತ್ತು. ಹೆನ್ರಿ ಫೋಟೋವನ್ನು ದೊಡ್ಡದು ಮಾಡಿ ನೋಡಿ, ನಿಲ್ದಾಣದ ಹತ್ತಿರ ಬಾಗಿ ನಿಂತಿರುವ ಆ ಕಪ್ಪು ಕಂಬ ಯಾವ ನಮೂನೆಯ ಸಿಗ್ನಲ್ಲು, ತಾನೆಲ್ಲೂ ಇಂಥದ್ದು ಕಂಡಿಲ್ಲ ಎಂದು ಕೇಳಿದರು. ನಾನು ಹೇಳಿ ಬರೆಸಿದೆ: ಅದು ನಮ್ಮ ಮಲೆನಾಡಿನ ಸಿಗ್ನಲ್ಲು. ಮಳೆಗಾಲದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಮನುಷ್ಯರು ಹತ್ತಿರ ಬಂದರೆ ತಾನಾಗಿಯೇ ಬಾಗುತ್ತದೆ. ಇದರಲ್ಲಿ ಒಂದಕ್ಷರವಾದರೂ ಸುಳ್ಳಿದೆಯೇ, ಹೇಳಿ! ಶಾಲಿನಿ ನಕ್ಕೂ ನಕ್ಕೂ ಕೀಬೋರ್ಡಿನ ಮೇಲೆ ಚಾ ಚೆಲ್ಲಿದಳು.

ಆ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಕಂದು ಬಣ್ಣದ ಒಂದು ಗೂಡ್ಸ್ ಡಬ್ಬಿ ಸದಸ್ಯರ ಮನೆಯಿಂದ ಮನೆಗೆ ಅಂಚೆಯಲ್ಲಿ ಊರೂರು ಸುತ್ತುತ್ತದೆ. ಬಂದವರ ಮನೆಯ ಹಳಿಯ ಮೇಲೆ ಓಡಬೇಕು, ಫೋಟೋ ತೆಗೆಸಿಕೊಳ್ಳಬೇಕು, ಮುಂದಿನವರ ಮನೆಗೆ ಹೋಗಬೇಕು. ಹೆನ್ರಿಯವರಿಂದ ಅದು ನನ್ನ ಮನೆಗೆ ಬಂತು. ಪಾರ್ಸೆಲಿನಲ್ಲಿ ಡಬ್ಬಿಯ ಜೊತೆ ಹತ್ತಿಯಲ್ಲಿ ಸುತ್ತಿದ ಇನ್ನೊಂದು ವಸ್ತು. ಬಿಚ್ಚಿದರೆ ಹಿತ್ತಾಳೆಯ ಉಂಬಳ! ದಾರ ಎಳೆದರೆ ಬಾಗುತ್ತದೆ. ಜೊತೆಗೊಂದು ಚೀಟಿ. ಶಾಲಿನಿ ಓದಿ ಹೇಳಿದಳು: ಕೈ ನಡುಗುವುದರಿಂದ ಮೂರು ಸಲ ಕೆಟ್ಟಿತು, ಇದು ನಾಲ್ಕನೆಯದು, ನಿಮ್ಮ ನಿಲ್ದಾಣದಲ್ಲಿ ನಿಲ್ಲಿಸಿದರೆ ನನಗೆ ಸಂತೋಷ. ಯಾಕೋ ಆ ದಿನ ಅವಳು ನಗಲಿಲ್ಲ. ಜಲಜಾಕ್ಷಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಪಾಪ, ಆ ಅಜ್ಜನ ಕೈಯಲ್ಲಿ ಉಂಬಳ ಮಾಡಿಸಿದ್ರಲ್ಲ. ನಿಮಗೆಂತ ಬಂದದ್ದು?" ಅಂದಳು.

ಅಷ್ಟರಲ್ಲಿ ಮುಂದಿನ ಸರದಿಯವರಾದ ಪುಣೆಯ ಕುಲಕರ್ಣಿಯವರ ಪತ್ರ. ಡಬ್ಬಿಯನ್ನು ಅಂಚೆಗೆ ಹಾಕಬೇಡಿ, ಮುಂದಿನ ತಿಂಗಳು ಹೆಂಡತಿಯ ಜೊತೆ ಶೃಂಗೇರಿಗೆ ದರ್ಶನಕ್ಕೆ ಬರುತ್ತಿದ್ದೇವೆ, ಹಾಗೇ ಕೊಪ್ಪಕ್ಕೂ ಬಂದು ನಿಮ್ಮ ಮೂರು ಕೋಣೆಯ ರೈಲು ಕಣ್ತುಂಬ ನೋಡಿ ಡಬ್ಬಿ ಒಯ್ಯುತ್ತೇವೆ ಎಂದು. ನನಗೆ ಅನ್ನ ಸೇರಲಿಲ್ಲ. ಊರಿನಲ್ಲಿ ಮಾನ ಹೋಗಿ ಎಷ್ಟೋ ಕಾಲವಾಗಿತ್ತು, ಆ ಚಿಂತೆ ಇರಲಿಲ್ಲ. ನನ್ನ ಮಾತಿಗೆ ಬೆಲೆಯಿದ್ದ ಜಾಗ ಲೋಕದಲ್ಲಿ ಅದೊಂದೇ. ಅಲ್ಲೂ "ಹೌದೌದು ಭಟ್ರೆ" ಶುರುವಾದರೆ ನಾನು ಯಾರ ಹತ್ತಿರ ಮಾತಾಡಲಿ? ನಾಲ್ಕು ದಿನ ಒದ್ದಾಡಿದೆ. ಐದನೆಯ ದಿನ ಎದೆ ಗಟ್ಟಿ ಮಾಡಿಕೊಂಡು ಶಾಲಿನಿಯ ಎದುರು ಕೂತು, ನಾಲ್ಕು ಅಡಿ ಹಳಿ, ನೀಲಿ ಸೀರೆ, ಬಚ್ಚಲೊಲೆ, ಉಂಬಳ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಸಿ ಕ್ಷಮೆ ಕೇಳಿದೆ.

ಮೂರನೆಯ ದಿನ ಹೆನ್ರಿಯವರ ಉತ್ತರ ಬಂತು. ಉಂಬಳದ ಸಿಗ್ನಲ್ಲು ಮಾಡಿದ ಮೊದಲ ಮನುಷ್ಯ ತಾನೇ ಎಂದು ಈಗ ಖಾತ್ರಿಯಾಯಿತು, ಆದರೆ ಸಿಗ್ನಲ್ಲು ಇರುವಲ್ಲಿ ರೈಲೂ ಇರಬೇಕಲ್ಲ ಎಂದು ಬರೆದಿದ್ದರು. ಆಮೇಲೆ ಶುರುವಾಯಿತು ನೋಡಿ. ಒಬ್ಬರು ಎರಡು ಅಡಿ ಹಳಿ ಕಳಿಸಿದರು, ಇನ್ನೊಬ್ಬರು ಹಳಿ ತಿರುಗಿಸುವ ಜೋಡಣೆ. ಪೋಸ್ಟ್‌ಮ್ಯಾನ್ ದಿನಾ ಬಂದು, "ಎಂತ ಭಟ್ರೆ, ಗುಜರಿ ಅಂಗಡಿ ಇಡ್ತೀರಾ?" ಎಂದು ಕೇಳತೊಡಗಿದ. ಕುಲಕರ್ಣಿಯವರು ಒಂದು ಟ್ರಂಕು ತುಂಬಾ ಹಳಿ ತಂದು ಇಳಿಸಿದರು. ಬಂದದ್ದು ಒಂದು ಮಧ್ಯಾಹ್ನಕ್ಕೆ, ಉಳಿದದ್ದು ಆರು ದಿನ. ಅವರ ಹೆಂಡತಿ ಒಬ್ಬರೇ ಶೃಂಗೇರಿಗೆ ಹೋಗಿ ಇಬ್ಬರ ದರ್ಶನವನ್ನೂ ಮುಗಿಸಿಕೊಂಡು ಬಂದರು. ನಾವಿಬ್ಬರೂ ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಹಳಿ ಜೋಡಿಸಿದೆವು. ಬಚ್ಚಲಿಂದ ಅಡುಗೆಮನೆ, ಅಲ್ಲಿಂದ ನಡುಮನೆ. ಮೂರು ಕೋಣೆ ತುಂಬಿತು. ಜಲಜಾಕ್ಷಿಯದ್ದು ಒಂದೇ ಕರಾರು: ಎಲ್ಲರ ಸ್ನಾನ ಮುಗಿದು ಒಲೆ ಆರಿದ ಮೇಲಷ್ಟೇ ಸುರಂಗ ತೆರೆಯಬೇಕು.

ಈಗ ಎಲ್ಲವೂ ನಿಜವಾಗಿದೆ, ನನಗೆ ಮಾತ್ರ ಸುಸ್ತಾಗಿದೆ. ಸುಳ್ಳು ರೈಲಿನಷ್ಟು ಸುಖ ಬೇರೆ ಇರಲಿಲ್ಲ. ಅದಕ್ಕೆ ಧೂಳು ಹಿಡಿಯುತ್ತಿರಲಿಲ್ಲ. ಈಗ ದಿನಾ ಮಂಡಿಯೂರಿ ಹಳಿ ಒರೆಸಬೇಕು, ಒಲೆಯ ಬೂದಿ ತೆಗೆಯಬೇಕು, ಡಬ್ಬಿಯ ಚಕ್ರದಿಂದ ಜಲಜಾಕ್ಷಿಯ ತಲೆಕೂದಲು ಬಿಡಿಸಬೇಕು. ಬಗ್ಗಿದರೆ ಏಳಲಾಗದು, ಎದ್ದರೆ ಬಗ್ಗಲಾಗದು. ಇಷ್ಟಾದ ಮೇಲೆ ವಾರಕ್ಕೊಮ್ಮೆ ಗುಂಪಿಗೆ ವರದಿ ಬೇರೆ.

ಇದರಲ್ಲಿ ಒಂದೇ ಒಂದು ಮಾತು ನಾನು ಕಟ್ಟಿ ಹೇಳಿದ್ದು. ಉಂಬಳ ಎಂದುಕೊಂಡಿರಾ? ಅಲ್ಲ, ಉಂಬಳ ನಿಜ, ಮಸಿಯೂ ನಿಜ. ಎದೆ ಗಟ್ಟಿ ಮಾಡಿಕೊಂಡು ಕ್ಷಮೆ ಕೇಳಿದೆ ಎಂದೆನಲ್ಲ, ಅದು ಸುಳ್ಳು. ಆ ಐದನೆಯ ದಿನ ನಾನು ಬರೆಸಲು ಹೋಗಿದ್ದು, ಭಟ್ಟರು ತೀರಿಕೊಂಡರು, ಯಾರೂ ಬರುವುದು ಬೇಡ ಎಂದು. ಶಾಲಿನಿ ಕುಟ್ಟಲು ಒಪ್ಪದೆ, ಅಂಗಡಿಯ ಬಾಗಿಲೆಳೆದು ನೇರ ನಮ್ಮ ಮನೆಗೇ ಹೋದಳು. ಕ್ಷಮೆಯ ಪತ್ರ ಬರೆಸಿದ್ದು ಜಲಜಾಕ್ಷಿ, ನನ್ನ ಹೆಸರು ಹಾಕಿ. ಕೇಳಿದರೆ, "ಇಷ್ಟು ವರ್ಷ ನಿಮ್ಮ ಹೆಸರಲ್ಲೇ ಬದುಕಿಲ್ವಾ? ಒಂದು ಕಾಗದ ಬರೀಲಿಕ್ಕೆ ಎಂತ?" ಅಂದಳು. ಅದರಲ್ಲಿ ಏನಿತ್ತು ಎಂದು ಇಬ್ಬರೂ ನನಗೆ ಇವತ್ತಿಗೂ ಪೂರ್ತಿ ಹೇಳಿಲ್ಲ. ಗುಂಪಿನವರು ನನ್ನ ಪ್ರಾಮಾಣಿಕತೆಯನ್ನು ಈಗಲೂ ಹೊಗಳುತ್ತಾರೆ. ಅಲ್ಲಲ್ಲ, ಅಷ್ಟು ಹೊಗಳಬೇಡಿ, ನಾನು ಅದಕ್ಕೆ ಯೋಗ್ಯನಲ್ಲ ಎಂದು ಪ್ರತಿ ಸಲವೂ ಬರೆಸುತ್ತೇನೆ. ಅದನ್ನೊಂದು ಮಾತ್ರ ಅವರು ನಂಬುವುದಿಲ್ಲ.