ದೋಣಿಯಲ್ಲೇ ಉಳಿದ ಮುದುಕಿ

ಶಿಸ್ತಿನ ಮನುಷ್ಯನಿಗೆ ಈಗ ಸ್ವಂತ ಮನೆಯಲ್ಲಿಯೇ ಮರ್ಯಾದೆ ಉಳಿದಿಲ್ಲ. ಇದನ್ನು ನಾನು ಕೊರಗಿನಿಂದ ಹೇಳುತ್ತಿಲ್ಲ, ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ನಾನು ಮಲ್ಪೆಯ ಒಂದು ಮಂಜುಗಡ್ಡೆ ಕಾರ್ಖಾನೆಯಲ್ಲಿ ಮ್ಯಾನೇಜರನಾಗಿ ನಿವೃತ್ತನಾದವನು. ಮಂಜುಗಡ್ಡೆಯ ಹತ್ತಿರ ಸಬೂಬು ನಡೆಯುವುದಿಲ್ಲ. ಮೀನಿನ ಬೋಟಿನವರು ಬರುವ ಹೊತ್ತಿಗೆ ಗಡ್ಡೆ ತಯಾರಿಲ್ಲದಿದ್ದರೆ ಬೈಗುಳ, ಹೊತ್ತಿಗೆ ಮೊದಲೇ ತೆಗೆದಿಟ್ಟರೆ ನೀರು. ಆ ಅಭ್ಯಾಸ ಕಾಪುವಿನ ಮನೆಯಲ್ಲಿ ಕುಳಿತ ಮೇಲೂ ಬಿಟ್ಟಿಲ್ಲ. ಏಳುವುದು ಐದಕ್ಕೆ, ತಿಂಡಿ ಏಳೂಕಾಲಿಗೆ, ಊಟ ಹನ್ನೆರಡೂ ಮುಕ್ಕಾಲಿಗೆ. ಪಕ್ಕದ ಮನೆಯವರು ತಮ್ಮ ಗೋಡೆ ಗಡಿಯಾರ ನಿಂತುಹೋದರೆ ನನ್ನ ಸ್ನಾನದ ಸದ್ದು ಕೇಳಿ ಸಮಯ ತಿಳಿದುಕೊಳ್ಳುತ್ತಾರೆ.

ಇಂಥ ನನ್ನ ಮುಂದೆ ಜೂನ್ ತಿಂಗಳಲ್ಲಿ ನನ್ನ ಮೊಮ್ಮಗಳು ಸಾನ್ವಿ ಒಂದು ಇಂಗ್ಲಿಷ್ ಕಾದಂಬರಿಯನ್ನು ತಂದಿಟ್ಟಳು. ಅವಳು ಮಣಿಪಾಲದ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿ. ಅವಳ ಅಮ್ಮ, ಅಂದರೆ ನಮ್ಮ ಜೊತೆಯಲ್ಲೇ ಇರುವ ನನ್ನ ಮಗಳು, ಉಡುಪಿಯ ಬ್ಯಾಂಕಿಗೆ ಎಂಟು ಗಂಟೆಗೇ ಹೊರಡುವವಳಾದ್ದರಿಂದ ಓದಿನ ಉಸ್ತುವಾರಿ ನನ್ನದು. ಕಾದಂಬರಿಯ ಜೊತೆ ಟೀಚರು ಕಳಿಸಿದ ವಾಟ್ಸಾಪ್ ಸಂದೇಶವೂ ಇತ್ತು: ಮಕ್ಕಳು ಕತೆಯನ್ನು ಸಂತೋಷಕ್ಕಾಗಿ ಓದಲಿ, ಕಠಿಣ ಶಬ್ದಗಳು ತಾವಾಗಿ ಬರುತ್ತವೆ.

ತಾವಾಗಿ ಬರುತ್ತವೆಯಂತೆ! ನಮ್ಮ ಕಾರ್ಖಾನೆಯಲ್ಲಿ ಯಾವುದಾದರೂ ತಾನಾಗಿ ಬಂದದ್ದಿದ್ದರೆ ಅದು ತುಕ್ಕು ಮಾತ್ರ.

ನಾನು ಶಬ್ದ ಕಲಿತ ರೀತಿಯೇ ಬೇರೆ. ಕಾರ್ಕಳದ ಹೈಸ್ಕೂಲಿನಲ್ಲಿ ನಮಗೂ ಒಂದು ಕತೆಪುಸ್ತಕವಿತ್ತು. ಅದಕ್ಕೆ ನಾನ್-ಡೀಟೇಲ್ ಎಂದು ಹೆಸರು, ಹಗುರವಾಗಿ ಓದಿಸಿ ಮುಗಿಸಬೇಕಾದ ಪುಸ್ತಕ. ಆದರೆ ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಹಗುರವಾಗಿ ಮಾಡುವುದು ಯಾವುದೂ ಗೊತ್ತಿರಲಿಲ್ಲ. ದಿನಕ್ಕೆ ಹತ್ತು ಶಬ್ದ. ಕಾಗುಣಿತ, ಅರ್ಥ, ವಿರುದ್ಧಾರ್ಥ, ಸ್ವಂತ ವಾಕ್ಯ. ಅದು ಬಾಯಿಗೆ ಬಾರದೆ ಪುಟ ತಿರುಗಿಸಿದವನ ಗೆಣ್ಣಿನ ಮೇಲೆ ಸ್ಕೇಲು. ಜೂನ್‌ನಲ್ಲಿ ಶುರುಮಾಡಿ ಮಾರ್ಚ್‌ಗೆ ನಾವು ಅರ್ಧ ಪುಸ್ತಕವನ್ನೂ ಮುಟ್ಟಿರಲಿಲ್ಲ. ಆ ಕತೆಯ ಹುಡುಗನೊಬ್ಬ ಸಾಹುಕಾರನ ತೋಟದ ಬೇಲಿ ಹಾರುವಲ್ಲಿಗೆ ವರ್ಷ ಮುಗಿಯಿತು. ಅವನು ಆಚೆ ಬಿದ್ದನೋ ಈಚೆ ಬಿದ್ದನೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ‘ಮೆಲಾಂಕಲಿ’ ಅಂದರೆ ವಿಷಾದ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಈವರೆಗೆ ಯಾರೂ ಎಬ್ಬಿಸಿ ಕೇಳಿಲ್ಲ, ಅದು ಬೇರೆ ಮಾತು.

ಸಾನ್ವಿಯ ವೈಖರಿ ನೋಡಿ ನನಗೆ ಮೈ ಉರಿಯಿತು. ಜಗಲಿಯಲ್ಲಿ ಕಾಲು ಚಾಚಿ, ಪೆನ್ಸಿಲ್ ಇಲ್ಲ, ಡಿಕ್ಷನರಿ ಇಲ್ಲ, ಪುಟದ ಮೇಲೆ ಪುಟ ತಿರುಗಿಸುತ್ತಾಳೆ. ಒಬ್ಬಳೇ ನಗುತ್ತಾಳೆ. ಸಾಲದ್ದಕ್ಕೆ ಸಂಜೆ ಅಡುಗೆಮನೆಗೆ ಹೋಗಿ, ಬಂಗುಡೆ ಮೀನು ಹೆಚ್ಚುತ್ತಿರುವ ಅಜ್ಜಿಯ ಪಕ್ಕದಲ್ಲಿ ಕುಳಿತು, ಅಂದು ಓದಿದ್ದನ್ನೆಲ್ಲ ತುಳುವಿನಲ್ಲಿ ಹೇಳುತ್ತಾಳೆ. ಇಂಗ್ಲಿಷ್ ಕಾದಂಬರಿಯನ್ನು ತುಳುವಿನಲ್ಲಿ ಹೇಳಿದರೆ ಇಂಗ್ಲಿಷ್ ಶಬ್ದ ಬರುವುದು ಎಲ್ಲಿಂದ?

ಒಂದು ವಾರ ಸಹಿಸಿ, ಒಂದು ಬೆಳಿಗ್ಗೆ ಐದೂವರೆಗೆ ಅವಳನ್ನು ಎಬ್ಬಿಸಿದೆ. ಪುಸ್ತಕಕ್ಕೆ ಬೈಂಡು ಹಾಕಿದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ನಾಲ್ಕು ಕಾಲಂ ಎಳೆದೆ. "ಹತ್ತು ಶಬ್ದ ಬರೆದು ಒಪ್ಪಿಸದೆ ಪುಟ ತಿರುಗಿಸುವ ಹಾಗಿಲ್ಲ" ಎಂದೆ.

"ಅಜ್ಜ, ಕತೆಯ ಮುದುಕಿ ಈಗಷ್ಟೇ ದೋಣಿ ಹತ್ತಿದ್ದಾಳೆ ಮಾರಾಯ್ರೇ!" ಎಂದಳು.

"ಹತ್ತಲಿ. ಶಬ್ದ ಬರೆ."

ಎರಡು ವಾರ ಕ್ರಮ ತಪ್ಪದೆ ನಡೆಯಿತು. ಹುಡುಗಿ ಬಾಯಿ ಮುಚ್ಚಿ ಬರೆದಳು, ಒಪ್ಪಿಸಿದಳು. ಜಗಲಿಯಲ್ಲಿ ನಗು ನಿಂತಿತು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲು ಈಗ ಇಡೀ ದಿನ ಬೇಕಾಗುತ್ತಿದ್ದುದರಿಂದ ಅವಳು ಶಬ್ದ ಮುಗಿದದ್ದೇ ಪುಸ್ತಕ ಮುಚ್ಚಿ ಮೊಬೈಲು ಹಿಡಿಯತೊಡಗಿದಳು. ನಾನು ಅದನ್ನು ಗಮನಿಸಲಿಲ್ಲ. ಗಮನಿಸಿದವಳು ನನ್ನ ಹೆಂಡತಿ ಸುಮತಿ.

"ರೀ, ಆ ಮುದುಕಿ ಎಂತ ಮಾಡಿದಳು?" ಎಂದು ಒಂದು ದಿನ ತಿಂಡಿಯ ಹೊತ್ತಿಗೆ ಕೇಳಿದಳು.

"ಯಾವ ಮುದುಕಿ?"

"ಎಂತ ಯಾವ ಮುದುಕಿ? ಕಡವಿನಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುವ ಮುದುಕಿ! ಸೇತುವೆ ಕಟ್ಟಿದರೆ ತನ್ನ ದೋಣಿಗೆ ಜನ ಬರುವುದಿಲ್ಲ ಅಂತ ಇಂಜಿನಿಯರನ ನಕ್ಷೆ ಕದ್ದುಕೊಂಡು ಹೊಳೆಯ ನಡುವೆ ಹೋಗಿದ್ದಾಳೆ. ನೀರಿಗೆ ಎಸೆಯುತ್ತಾಳಾ, ವಾಪಸು ಕೊಡುತ್ತಾಳಾ? ಎರಡು ವಾರದಿಂದ ಅಲ್ಲೇ ಕೂತಿದ್ದಾಳೆ, ಪಾಪ. ನಿಮ್ಮ ಹತ್ತು ಶಬ್ದದ ದೆಸೆಯಿಂದ ಅವಳಿಗೆ ಊಟ ಇಲ್ಲ, ನಿದ್ದೆ ಇಲ್ಲ."

ಸುಮತಿ ಹೊಳೆದಂಡೆಯ ಹೂಡೆ ಎಂಬ ಊರಿನವಳು. ಹೊಳೆ, ಕಡವು, ದೋಣಿ ಎಂದರೆ ಅವಳಿಗೆ ತವರಿನ ಮಾತು. ಆದರೂ ಇಂಗ್ಲಿಷಿನ ಎ, ಬಿ ಬಾರದವಳು ಇಂಗ್ಲಿಷ್ ಕಲಿಸುವ ವಿಷಯದಲ್ಲಿ ನನ್ನನ್ನು ವಿಚಾರಣೆಗೆ ನಿಲ್ಲಿಸುವುದೆಂದರೆ! ನಾನು ದೋಸೆ ಅರ್ಧಕ್ಕೇ ಬಿಟ್ಟು ಎದ್ದೆ. ತಪ್ಪೆಲ್ಲ ಆ ಶಾಲೆಯದು, ವಾರಕ್ಕೊಮ್ಮೆ ಶಬ್ದಗಳ ಪರೀಕ್ಷೆ ಇಡಲಿ ಎಂದು ಟೀಚರಿಗೆ ಮುಖತಃ ಹೇಳಲು, ನೋಟ್‌ಬುಕ್ಕನ್ನು ಸಾಕ್ಷಿಗೆ ಚೀಲದಲ್ಲಿಟ್ಟುಕೊಂಡು ಮಣಿಪಾಲಕ್ಕೆ ಹೊರಟೆ.

ಟೀಚರಿಗೆ ನನ್ನ ಮಗಳಿಗಿಂತ ಚಿಕ್ಕ ವಯಸ್ಸು. ನೋಟ್‌ಬುಕ್ಕಿನ ಕಾಲಂಗಳನ್ನು ನೋಡಿ, "ಅಕ್ಷರ ತುಂಬ ಚೆಂದ ಉಂಟು" ಎಂದರು. ಆಮೇಲೆ ಮೆಲ್ಲಗೆ, "ಸರ್, ಮೊದಲನೇ ವಾರ ಸಾನ್ವಿ ಕ್ಲಾಸಿಗೆ ತಡವಾಗಿ ಬಂದಳು. ಯಾಕೆ ಅಂತ ಕೇಳಿದ್ದಕ್ಕೆ, ಮಣಿಪಾಲದ ಗುಡ್ಡ ಹತ್ತಲಿಕ್ಕೆ ಬಸ್ಸು ರಿಲಕ್ಟಂಟ್ ಆಗಿತ್ತು ಟೀಚರ್ ಅಂದಳು. ಇಡೀ ಕ್ಲಾಸು ನಕ್ಕಿತು. ಆ ಶಬ್ದ ನಾನು ಕಲಿಸಿದ್ದಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ದೋಣಿ ಎಳೆಯುವ ಆ ಮುದುಕಿಯಿಂದ ಕಲಿತದ್ದು. ಈಗ ಅವಳಿಗೆ ನೂರು ಶಬ್ದ ಬರುತ್ತದೆ, ಆದರೆ ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ. ನಿನ್ನೆ ಮುಂದಿನ ಕತೆ ಕೇಳಿದರೆ, ನನಗೆ ಈ ಪುಸ್ತಕ ಬೇಡ ಟೀಚರ್, ಅಂದಳು" ಎಂದರು.

ನಾನು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಅವರು ಕಪಾಟಿನಿಂದ ಅದೇ ಕಾದಂಬರಿಯ ಇನ್ನೊಂದು ಪ್ರತಿ ತೆಗೆದು ಕೊಟ್ಟರು. "ನೀವೊಮ್ಮೆ ಓದಿ ನೋಡಿ ಸರ್. ಆಮೇಲೆ ಪರೀಕ್ಷೆಯ ಬಗ್ಗೆ ಮಾತಾಡುವ, ಅಲ್ವಾ?"

ತಪ್ಪು ಹುಡುಕುವ ಉದ್ದೇಶದಿಂದಲೇ ಉಡುಪಿಯ ಬಸ್ ನಿಲ್ದಾಣದಲ್ಲಿ ಪುಸ್ತಕ ತೆರೆದೆ. ಮೊದಲ ಪುಟದಲ್ಲೇ ಅರ್ಥವಾಗದ ಶಬ್ದ ಆರಿದ್ದವು. ಪೆನ್ಸಿಲಿಗಾಗಿ ಜೇಬು ತಡಕಿದೆ, ಇರಲಿಲ್ಲ. ಹೊತ್ತು ಹೋಗಲಿ ಎಂದು ಮುಂದೆ ಓದಿದೆ. ಬಸ್ಸು ಬಂತು, ಹತ್ತಿದೆ, ಓದಿದೆ. ಆ ಮುದುಕಿ ಬಲು ಗಟ್ಟಿಗಿತ್ತಿ. ಇಂಜಿನಿಯರನನ್ನೇ ದೋಣಿಯಲ್ಲಿ ಕೂರಿಸಿ, ಅವನ ನಕ್ಷೆಯ ಮೇಲೆ ತಾನು ಕುಳಿತು, "ಕಳೆದ ವಸ್ತು ಸಿಗುತ್ತದೆ ಬಿಡಪ್ಪ" ಎಂದು ಸಮಾಧಾನ ಹೇಳುತ್ತಾಳೆ! ನಾನು ಜೋರಾಗಿ ನಕ್ಕಿರಬೇಕು, ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದರು. ನಾನು ತಲೆಯೆತ್ತಿದಾಗ ಬಸ್ಸು ಕಾಪು ದಾಟಿ ಹೆಜಮಾಡಿಯಲ್ಲಿತ್ತು.

"ಕಾಪು ಬಂದಾಗ ಕೂಗಬಾರದಾ?" ಎಂದು ಕಂಡಕ್ಟರನ ಮೇಲೆ ಹರಿಹಾಯ್ದೆ.

"ಅಯ್ಯ ಸ್ವಾಮಿ, ಕಾಪು ಕಾಪು ಅಂತ ಮೂರು ಸಲ ಬೊಬ್ಬೆ ಹೊಡೆದೆ. ನೀವು ಕೈಯಲ್ಲಿ ‘ಹೋಗು’ ಅಂತ ಸನ್ನೆ ಮಾಡಿದಿರಿ. ನಾನು ರೈಟ್ ಹೇಳಿದೆ!"

ಜೀವಮಾನದಲ್ಲಿ ಇಳಿಯುವ ಸ್ಟಾಪು ತಪ್ಪಿಸಿಕೊಳ್ಳದವನು ನಾನು. ಮನೆ ಸೇರುವಾಗ ಎರಡೂಕಾಲು ಗಂಟೆ. ಹನ್ನೆರಡೂ ಮುಕ್ಕಾಲಿನ ಊಟದ ಎದುರು ಸುಮತಿ ಗಾಬರಿಯಿಂದ ಕುಳಿತಿದ್ದಳು. ನನ್ನ ಕೈಯ ಪುಸ್ತಕ ನೋಡಿದ್ದೇ ಅವಳ ಗಾಬರಿ ಇಳಿಯಿತು. "ಇಳಿದಳಾ ದೋಣಿಯಿಂದ?" ಎಂದಳು. ಊಟ ಮಾಡುತ್ತ ನನಗೆ ಗೊತ್ತಾದಷ್ಟು ಹೇಳಿದೆ. ತುಳುವಿನಲ್ಲಿಯೇ ಹೇಳಬೇಕಾಯಿತು, ಬೇರೆ ದಾರಿ ಇರಲಿಲ್ಲ. ಕೈ ಒಣಗಿದ್ದು ತಿಳಿಯಲಿಲ್ಲ.

ಸಾನ್ವಿ ಶಾಲೆಯಿಂದ ಬಂದಾಗ ನಾನು ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದೆ. ಪುಸ್ತಕದಲ್ಲಿ ಸೇತುವೆಯ ಮೊದಲ ಕಂಬ ಏಳುತ್ತಿತ್ತು, ಮುದುಕಿ ಇಂಜಿನಿಯರನ ಮನೆಯ ಬಾಗಿಲು ತಟ್ಟಿದ್ದಳು. ಹುಡುಗಿ ಚೀಲ ಇಳಿಸಿ ನನ್ನ ಎದುರು ನಿಂತಳು.

"ಅಜ್ಜ, ಹತ್ತು ಶಬ್ದ ಆಯ್ತಾ?"

"ಯಾವ ಶಬ್ದ?"

"ಬರೆದು ಒಪ್ಪಿಸದೆ ಪುಟ ತಿರುಗಿಸುವ ಹಾಗಿಲ್ಲ. ರೂಲ್ಸು ನಿಮ್ಮದೇ ಅಲ್ವಾ?" ಎಂದವಳು ಪುಸ್ತಕವನ್ನು ಕಿತ್ತುಕೊಂಡು, ಚೀಲದಿಂದ ತನ್ನ ಪ್ರತಿಯನ್ನೂ ಪೆನ್ಸಿಲನ್ನೂ ತೆಗೆದು ನನ್ನ ಕೈಗಿಟ್ಟಳು. ಎರಡು ವಾರದ ನಂತರ ಅವಳ ಮುಖದಲ್ಲಿ ನಗು ಕಂಡೆ. ಕಂಡದ್ದು ಸಂತೋಷವೇ, ಆದರೆ ನನ್ನನ್ನು ನೋಡಿಯೇ ನಗಬೇಕಿತ್ತೇ?

"ಬಾಗಿಲು ತೆರೆದನಾ ಇಲ್ಲವಾ, ಅಷ್ಟು ನೋಡಿ ಹೇಳು" ಎಂದು ಕೇಳಿದೆ, ಸ್ವಲ್ಪ ಅಂಗಲಾಚಿಯೇ ಕೇಳಿದೆ ಎನ್ನಬೇಕು.

ಅಡುಗೆಮನೆಯಿಂದ ಸುಮತಿಯ ದನಿ ಬಂತು: "ಅಜ್ಜ ಬರೆಯಲಿ. ನೀನು ಪುಸ್ತಕ ತೆಗೆದುಕೊಂಡು ಒಳಗೆ ಬಾ ಮಗಾ, ಮುಂದೆ ಓದಿ ಹೇಳು."

ನಿಯಮ ಮಾಡಿದವನೇ ಮುರಿಯುವಂತಿಲ್ಲ. ನೋಟ್‌ಬುಕ್ಕಿನಲ್ಲಿ ನಾನೇ ಎಳೆದ ಕಾಲಂಗಳಲ್ಲಿ ಬರೆಯುತ್ತಿದ್ದೇನೆ. ಈಗ ಐದನೆಯ ಶಬ್ದ. ಒಳಗೆ ಅವರಿಬ್ಬರೂ ಆಗಲೇ ಎರಡು ಸಲ ನಕ್ಕಾಯಿತು, ಅನ್ಯಾಯ. ಕುರ್ಚಿಯನ್ನು ಅಡುಗೆಮನೆಯ ಬಾಗಿಲ ಹತ್ತಿರಕ್ಕೆ ಸರಿಸಿಕೊಂಡಿದ್ದೇನೆ. ಅಲ್ಲಿ ಬರೆಯಲು ಬೆಳಕು ಚೆನ್ನಾಗಿದೆ, ಅಷ್ಟೇ ಕಾರಣ.