ಲೇಡೀಸ್ ಡಬ್ಬಿಯ ಅಸಲಿ ಬಣ್ಣ

ದಿನಾ ಕಣ್ಣೆದುರಿಗೆ ಇರುವುದನ್ನು ನಾವು ನೋಡುವುದೇ ಇಲ್ಲ. ಇದು ವೇದಾಂತವಲ್ಲ, ನನ್ನ ತಪ್ಪೊಪ್ಪಿಗೆ. ರಬಾಳೆಯ ಒಂದು ಪೇಂಟ್ ಕಾರ್ಖಾನೆಯಲ್ಲಿ ಶೇಡ್ ಹೊಂದಿಸುವುದು ನನ್ನ ಕೆಲಸ. ಗೋಡೆಯ ಒಂದು ಚಕ್ಕೆ ತಂದುಕೊಡಿ, ಅದರಲ್ಲಿ ಕೆಂಪೆಷ್ಟು, ಕಪ್ಪೆಷ್ಟು ಎಂದು ಕೂತಲ್ಲೇ ಹೇಳುತ್ತೇನೆ. ಹೇಳಿದ ಮೇಲೆ ಒಂದಿಷ್ಟು ಬೀಗುತ್ತೇನೆ ಕೂಡ. ಇಂಥ ನಾನು ಮೂವತ್ತು ವರ್ಷ ಡೊಂಬಿವಲಿಯಿಂದ ಲೋಕಲ್ ರೈಲು ಹತ್ತಿದವನು. ಆದರೆ ಇಪ್ಪತ್ತು ವರ್ಷದ ಹಿಂದೆ ಓಡುತ್ತಿದ್ದ ಆ ಹಳದಿ-ಕಂದು ಲೋಕಲಿನ ಹಳದಿ ಎಂಥ ಹಳದಿ ಎಂದು ಒಬ್ಬರು ಕೇಳಿದಾಗ ‘ಹಳದಿ’ ಎಂದಷ್ಟೇ ಹೇಳಲು ನನಗೆ ಸಾಧ್ಯವಾಯಿತು. ಗಾಡಿ ಪ್ಲಾಟ್‌ಫಾರ್ಮಿಗೆ ನುಗ್ಗುವಾಗ ಬಣ್ಣ ನೋಡುತ್ತ ನಿಲ್ಲುವ ಗಂಡಸು ಡೊಂಬಿವಲಿಯಲ್ಲಿ ಇನ್ನೂ ಹುಟ್ಟಿಲ್ಲ. ಕಣ್ಣು ಬಾಗಿಲ ನಡುವಿನ ಕಂಬದ ಮೇಲೆ, ಬ್ಯಾಗು ಎದೆಯ ಮೇಲೆ, ಮಿಕ್ಕಿದ್ದೆಲ್ಲ ಹಿಂದಿನಿಂದ ತಳ್ಳುವವರ ಕೃಪೆ.

ಹಾಗೆ ಕೇಳಿದವರು ಜೋಗಳೇಕರರು. ಥಾಣೆಯ ವರ್ತಕ ನಗರದಲ್ಲಿ ಪುಟಾಣಿ ರೈಲು ಕಟ್ಟುವ ಹುಚ್ಚಿನವರದೊಂದು ಕೂಟವಿದೆ, ಅದಕ್ಕೆ ಅವರೇ ಹಿರಿಯರು, ನಾನೊಬ್ಬ ಸದಸ್ಯ. ವರ್ಷಕ್ಕೊಮ್ಮೆ ನಮ್ಮ ಪ್ರದರ್ಶನ. ಸಭಾಂಗಣದ ನಡುವೆ ಒಂದು ದೊಡ್ಡ ಮೇಜು. ಬಣ್ಣ, ಅಕ್ಷರ, ಪಟ್ಟೆ ಎಲ್ಲವೂ ಆ ಕಾಲದಲ್ಲಿ ಹೇಗಿದ್ದವೋ ಹಾಗೇ ಇವೆ ಎಂದು ಪುರಾವೆ ಕೊಟ್ಟ ಡಬ್ಬಿಗಳಿಗೆ, ಎಂದರೆ ಬೋಗಿಗಳಿಗೆ, ಮಾತ್ರ ಅಲ್ಲಿ ಜಾಗ. ಪುರಾವೆ ಇಲ್ಲದವು ಬಾಗಿಲ ಬಳಿಯ ‘ಖೇಳಣಿ’ ಮೇಜಿಗೆ, ಅಂದರೆ ಆಟಿಕೆಗಳ ಸಾಲಿಗೆ ಹೋಗುತ್ತವೆ. ಹೋದ ವರ್ಷ ನಾಲ್ಕು ತಿಂಗಳು ಬೆನ್ನು ಬಗ್ಗಿಸಿ ನಾನೊಂದು ಲೇಡೀಸ್ ಡಬ್ಬಿ ಕಟ್ಟಿದ್ದೆ. ಒಂದು ಗೇಣುದ್ದ, ಮೈಮೇಲೆ ಓರೆಯಾದ ಹಸಿರು ಪಟ್ಟೆಗಳು. ಜೋಗಳೇಕರರು ಭೂತಗನ್ನಡಿ ಹಿಡಿದು ನೋಡಿ, “ಛಾನ್ ಆಹೇ. ಪಣ್ ಪುರಾವಾ ಕುಠೇ ಆಹೇ?” ಎಂದರು. ಚೆನ್ನಾಗಿದೆ, ಆದರೆ ಪುರಾವೆ ಎಲ್ಲಿ? ನೆನಪಿನಿಂದ ಮಾಡಿದೆ ಎಂದೆ. ಹಾಗಾದರೆ ಆ ಹಳದಿ ಎಂಥ ಹಳದಿ ಎಂದು ಕೇಳಿದರು. ನನ್ನ ಡಬ್ಬಿ ಹೋಗಿ ಒಂದು ಬ್ಯಾಟರಿ ಕಪ್ಪೆಯ ಪಕ್ಕ ಕೂತಿತು. ಆ ಕಪ್ಪೆ ಎರಡು ದಿನವೂ ಕುಪ್ಪಳಿಸಿ ಕುಪ್ಪಳಿಸಿ ಅದಕ್ಕೆ ಡಿಕ್ಕಿ ಹೊಡೆಯಿತು. ಅವಮಾನ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಈ ಸಲ ದೊಡ್ಡ ಮೇಜು ಸಿಗದಿದ್ದರೆ ಕೂಟವನ್ನೇ ಬಿಟ್ಟುಬಿಡುತ್ತೇನೆ ಎಂದು ಮನೆಯಲ್ಲಿ ಸಾರಿದೆ. ಬೇಡ ಎಂದು ಯಾರೂ ತಡೆಯಲಿಲ್ಲ.

ಸಂಶೋಧನೆ ಶುರುವಾಯಿತು. ಮೊದಲು ಹಿಡಿದದ್ದು ಕಲ್ಯಾಣದಲ್ಲಿ ಹೋಟೆಲ್ ನಡೆಸುವ ನಮ್ಮ ಶೆಟ್ಟರನ್ನು. “ಇದೆಂಥ ಕೇಳ್ತೀರಿ ಮಾರಾಯ್ರೆ, ಮೇಲೆ ತೊವ್ವೆ ಬಣ್ಣ, ಕೆಳಗೆ ಕಷಾಯದ ಬಣ್ಣ” ಎಂದರು. ತೊವ್ವೆಗೆ ಅರಸಿನ ಎಷ್ಟು ಎಂದು ಕೇಳಿದೆ. “ಅದು ಭಟ್ರ ಕೈ ಮೇಲೆ ಹೋಗ್ತದೆ” ಎಂದು ಗಲ್ಲಾಪೆಟ್ಟಿಗೆಯ ಕಡೆ ತಿರುಗಿದರು. ಆಮೇಲೆ ಫೋಟೋ ಬೇಟೆ. ನಮ್ಮ ಕಡೆಯ ಲೋಕಲ್ ಗುಂಪಿನವರು ದಸರೆಯ ಹಿಂದಿನ ದಿನ ತಾವು ಹತ್ತುವ ಡಬ್ಬಿಗೆ ಪೂಜೆ ಮಾಡುತ್ತಾರೆ, ಪೇಡೆ ಹಂಚುತ್ತಾರೆ, ತಪ್ಪದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಡೊಂಬಿವಲಿಯಿಂದ ವಾಶಿಯವರೆಗೆ ಪರಿಚಯದವರ ಆಲ್ಬಮ್ಮುಗಳನ್ನೆಲ್ಲ ತರಿಸಿ ಕೂತೆ. ಎಲ್ಲದರಲ್ಲೂ ಹಲ್ಲು ಕಿಸಿದ ಮುಖಗಳು, ಹಿಂದೆ ದಪ್ಪ ದಪ್ಪ ಚೆಂಡುಹೂವಿನ ಮಾಲೆ. ಅಕ್ಷರ ಎಲ್ಲಿದೆಯೋ ಹುಡುಕಿ ಹುಡುಕಿ ಅದರ ಮೇಲೇ ಮಾಲೆ ಕಟ್ಟಿದ್ದರು. ಆ ಕಾಲದ ಚೆಂಡುಹೂವಿನ ಬಣ್ಣ ಯಾವುದೆಂದು ಜೋಗಳೇಕರರು ಕೇಳಿದ್ದರೆ ನಾನು ಅಂದೇ ಗೆದ್ದುಬಿಡುತ್ತಿದ್ದೆ.

ನನ್ನ ಹೆಂಡತಿ ಶಾರದಾ ವಿಜಯಪುರದ ಕಡೆಯವಳು. ಇಪ್ಪತ್ತಾರು ವರ್ಷ ಅದೇ ಲೇಡೀಸ್ ಡಬ್ಬಿಯಲ್ಲಿ ಆಫೀಸಿಗೆ ಹೋಗಿಬಂದವಳು. ಊರನ್ನೆಲ್ಲ ಕೇಳಿದ ನನಗೆ ಇವಳನ್ನು ಕೇಳಬೇಕು ಎಂದು ಹೊಳೆದೇ ಇರಲಿಲ್ಲ. ಒಂದು ಭಾನುವಾರ ಮೆಂತ್ಯದ ಸೊಪ್ಪು ಬಿಡಿಸುತ್ತ, ಆಲ್ಬಮ್ಮುಗಳ ನಡುವೆ ಕೂತ ನನ್ನನ್ನು ನೋಡಿ ಅವಳೇ ಅಂದಳು: “ನನ್ನ ಬಿಳಿ ಸೀರಿ ನೋಡ್ರೆಲಾ. ಅದಕ್ಕ ಹತ್ತೇತಲ್ಲ ಆ ಬಣ್ಣ.”

ಆ ಸೀರೆಯ ಕಥೆ ನಿಮಗೆ ಹೇಳಲೇಬೇಕು. ಇಲ್ಲಿ ನವರಾತ್ರಿಗೆ ದಿನಕ್ಕೊಂದು ಬಣ್ಣ. ಹೆಂಗಸರೆಲ್ಲ ಆ ದಿನದ ಬಣ್ಣವನ್ನೇ ಉಟ್ಟು ಬರುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಡಬ್ಬಿಪೂಜೆಯ ದಿನದ ಬಣ್ಣ ಬಿಳಿ. ಶಾರದಾ ಹೊಸ ಸೀರೆ ಉಟ್ಟು, ಗಾಡಿ ಹೊರಡುವ ಕಲ್ಯಾಣಕ್ಕೆ ಹೋಗಿ, ನಿಂತ ಗಾಡಿಯ ಬಾಗಿಲ ಪಕ್ಕ ಮಾಲೆ ಕಟ್ಟುವಾಗ ಡಬ್ಬಿಗೆ ಭುಜ ಕೊಟ್ಟು ಒರಗಿದ್ದಾಳೆ. ಅದಕ್ಕೆ ಹಿಂದಿನ ದಿನವಷ್ಟೇ ಹೊಸ ಬಣ್ಣ ಬಳಿದಿದ್ದರಂತೆ. ಸಂಜೆ ಅಳುಮುಖ ಮಾಡಿಕೊಂಡು ಬಂದು ಸೀರೆ ತೋರಿಸಿದಾಗ ನಾನು ಪೇಪರ್ ಓದುತ್ತಿದ್ದೆ. ಓದುತ್ತಲೇ ತೀರ್ಪು ಕೊಟ್ಟೆ: “ರೈಲಿನ ಪೇಂಟು ಹಾಗೆಲ್ಲ ಹತ್ತುವುದಿಲ್ಲ. ನೀನು ಯಾವುದೋ ಅಂಗಡಿಯ ಶಟರಿಗೆ ಒರಗಿದ್ದೀಯ. ನನಗೆ ಹೇಳಿಕೊಡಬೇಡ, ನಾನು ಬಣ್ಣದ ಕಸುಬಿನವನು.” ಅಲ್ಲಿಂದೀಚೆಗೆ ನೆಂಟರಿಷ್ಟರು ಸೇರಿದಾಗಲೆಲ್ಲ ಶಾರದಾಳ ಶಟರಿನ ಕಥೆಯನ್ನು ನಾನೇ ಹೇಳಿ ನಗಿಸಿದ್ದೇನೆ. ಅವಳು ಮಾತ್ರ ಒಮ್ಮೆಯೂ ನಕ್ಕಿರಲಿಲ್ಲ.

ಅವಳ ಒಳ್ಳೆಯ ಸೀರೆಗಳನ್ನೆಲ್ಲ ಸುತ್ತಿಟ್ಟಿದ್ದ ಗಂಟಿನ ಬಟ್ಟೆಯೇ ಆ ಬಿಳಿ ಸೀರೆ. ಕಲೆ ಒಳಮಡಿಕೆಯಲ್ಲಿತ್ತು. ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಅಂಗೈಯಗಲ ಹಳದಿ, ಮೂಲೆಯಲ್ಲಿ ಓರೆ ಹಸಿರು ಪಟ್ಟೆಯ ಅಂಚು, ನಡುವೆ ಕಪ್ಪಿನಲ್ಲಿ ಉಲ್ಟಾ ಮೂಡಿದ ಒಂದು ಅಕ್ಷರ. ಕನ್ನಡಿ ಹಿಡಿದೆ. ‘ಮಹಿಲಾ’ ಎಂಬುದರ ದೇವನಾಗರಿ ‘ಮ’, ಪೂರ್ತಿ ಅಳತೆಯಲ್ಲಿ. ಬಿಸಿಲು ಕಾಣದ ಬಣ್ಣ, ಅದೂ ಅಚ್ಚ ಬಿಳಿಯ ಮೇಲೆ. ನಮ್ಮ ಲ್ಯಾಬಿನಲ್ಲೂ ಇಷ್ಟು ಜೋಪಾನವಾಗಿ ಯಾರೂ ಸ್ಯಾಂಪಲ್ ಇಟ್ಟಿಲ್ಲ. ನಮ್ಮ ಪುಟಾಣಿ ರೈಲು ನಿಜವಾದದ್ದರ ಎಂಬತ್ತೇಳನೇ ಒಂದು ಭಾಗ, ಹಾಗಾಗಿ ಅಕ್ಷರವನ್ನು ಅಳೆದು ಎಂಬತ್ತೇಳರಿಂದ ಭಾಗಿಸಿದರೆ ನನ್ನ ಡಬ್ಬಿಯ ಅಕ್ಷರದ ಅಳತೆ ಬಂತು. ದೊಡ್ಡ ಮೇಜು ಸಿಕ್ಕಿತೆಂದೇ ಸಂತೋಷಪಟ್ಟೆ. ಆ ಸಂತೋಷದ ನಡುವೆಯೇ ಇನ್ನೊಂದು ವಿಷಯ ತಲೆಗೆ ಬಂತು: ಇಪ್ಪತ್ತು ವರ್ಷ ನಾನು ಹೇಳಿ ನಗಿಸಿದ ಶಟರಿನ ಕಥೆ ಸುಳ್ಳು.

“ಇದು ಶಟರಿನ ಬಣ್ಣವಲ್ಲ” ಎಂದೆ, ಆದಷ್ಟು ಮೆಲ್ಲಗೆ.

ಶಾರದಾ ಮಿಕ್ಸರ್ ನಿಲ್ಲಿಸಿ ಅಡುಗೆಮನೆಯಿಂದ ಹೊರಗೆ ಬಂದಳು. “ಏನಂದ್ರಿ? ಸಪ್ಪಳದಾಗ ಕೇಳಸಲಿಲ್ಲ.”

ಇನ್ನೊಮ್ಮೆ ಹೇಳಿದೆ. “ಹಂಗಾರ ಯಾವುದ್ರದು?” ಎಂದಳು. ರೈಲಿನದು ಎಂದೆ. ಅವಳು ಒಳಗೆ ಹೋಗಿ ಮತ್ತೆ ಮಿಕ್ಸರ್ ಹಾಕಿದಳು. ಆ ದಿನದ ಚಟ್ನಿ ಬಹಳ ನುಣ್ಣಗಿತ್ತು.

ಕೂಟದ ಪುರಾವೆ ಫಾರ್ಮಿನಲ್ಲಿ ಜೋಗಳೇಕರರು ಒಂದು ಕಾಲಂ ಇಟ್ಟಿದ್ದಾರೆ: ವಿರುದ್ಧ ಅಭಿಪ್ರಾಯವಿದ್ದರೆ ಯಾರದು, ಅದನ್ನು ತಳ್ಳಿಹಾಕಲು ಕಾರಣವೇನು. ನಾನು ಅದನ್ನು ಖಾಲಿ ಬಿಡುವವನಿದ್ದೆ. “ಅದನ್ನೂ ತುಂಬ್ರಿ. ಇಲ್ಲಾಂದ್ರ ಸೀರಿ ಕೊಡಂಗಿಲ್ಲ” ಎಂದಳು ಶಾರದಾ. ಅವಳು ಹೇಳಿದಳು, ನಾನು ಮರಾಠಿಯಲ್ಲಿ ಬರೆದೆ.

ಸೀರೆಯನ್ನು ನೋಡಿಕೊಂಡು ಡಬ್ಬಿಗೆ ಹೊಸದಾಗಿ ಬಣ್ಣ ಬಳಿದೆ, ಅಕ್ಷರ ಬರೆದೆ. ಪ್ರದರ್ಶನದ ದಿನ ಜೋಗಳೇಕರರು ಭೂತಗನ್ನಡಿಯನ್ನು ಸೀರೆಯ ಮೇಲಿಟ್ಟರು, ಡಬ್ಬಿಯ ಮೇಲಿಟ್ಟರು, ಮತ್ತೆ ಸೀರೆಯ ಮೇಲಿಟ್ಟರು. ಕೊನೆಗೆ ಪುರಾವಾ ಎಂಬ ಮಾತೆತ್ತದೆ, ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ದೊಡ್ಡ ಮೇಜಿನ ನಟ್ಟನಡುವೆ ಇಟ್ಟರು. ಪಕ್ಕದಲ್ಲಿ ಸೀರೆಯನ್ನು ಹರಡಿ ಮೇಲೆ ಗಾಜು ಇಡಿಸಿದರು. “ವಹಿನಿ, ಬಸಾ”, ಅತ್ತಿಗೆ, ಕೂತುಕೊಳ್ಳಿ, ಎಂದು ತಮ್ಮ ಕುರ್ಚಿಯನ್ನೇ ಶಾರದಾಗೆ ಬಿಟ್ಟುಕೊಟ್ಟರು. ಗೆದ್ದೆ ಎಂದು ಕೂಗಬೇಕು ಅನ್ನಿಸಿತು. ಅತ್ತ ಆಟಿಕೆಗಳ ಮೇಜಿನಲ್ಲಿ ಕಪ್ಪೆ ಒಂದೇ ಕುಪ್ಪಳಿಸುತ್ತಿತ್ತು.

ಎರಡು ದಿನವೂ ನಮ್ಮ ಡಬ್ಬಿಯ ಮುಂದೆಯೇ ಹೆಚ್ಚು ಜನ. ಪೇಂಟಿನ ಬಗ್ಗೆ ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡು ನಿಂತಿದ್ದೆ, ಯಾರೂ ಕೇಳಲಿಲ್ಲ. ಎಲ್ಲರೂ ಪಕ್ಕದಲ್ಲಿ ಅಂಟಿಸಿದ್ದ ಫಾರ್ಮನ್ನು ಓದುತ್ತಿದ್ದರು, ಕುರ್ಚಿಯಲ್ಲಿ ಕೂತ ಶಾರದಾಳನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡಿ ನಗುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಶಾರದಾ ಕೂಡ ಆ ಕಥೆಗೆ ನಗುತ್ತಿದ್ದಳು. ಫಾರ್ಮಿನಲ್ಲಿ ಹೀಗಿತ್ತು: ‘ವಿರುದ್ಧ ಅಭಿಪ್ರಾಯ: ಗಂಡನದು. ತಳ್ಳಿಹಾಕಿದ ಕಾರಣ: ಸೀರೆ ನೋಡದೆ, ಪೇಪರಿನ ಹಿಂದಿನಿಂದ ಹೇಳಿದ್ದು.’ ಕೆಳಗೆ, ‘ಪರಿಶೀಲಿಸಿ ಒಪ್ಪಿದ ಬಣ್ಣತಜ್ಞರು’ ಎಂಬಲ್ಲಿ ನನ್ನದೇ ಸಹಿ, ಹುದ್ದೆಯ ಸಮೇತ.