ಗಾಳಿ ಸರಿಯಿದೆ

ತೊಂದರೆ ಶುರುವಾದದ್ದು ಒಂದೆಳೆ ಹತ್ತಿಯಿಂದ. ನಾಲ್ಕನೇ ಅಂತಸ್ತಿನ ಗಾಳಿಮಾಪಕದ ಮುಳ್ಳಿನ ಬುಡಕ್ಕೆ ಅದು ಸಿಕ್ಕಿಕೊಂಡು, ಮುಳ್ಳು ಕೆಂಪು ಗೆರೆಯ ಮೇಲೆ ನಿಂತುಬಿಟ್ಟಿತು. ಮುಳ್ಳು ಕೆಂಪು ಮುಟ್ಟಿದರೆ ಬಾಹ್ಯಾಕಾಶ ನಿಲ್ದಾಣದ ತುಂಬ ಗಂಟೆ ಬಾರಿಸುವುದು ಯಂತ್ರದ ಕೆಲಸ. ಬಾರಿಸಿತು.

ಗಾಳಿ ಮೇಸ್ತ್ರಿ ಏಣಿ ಹತ್ತಿ, ಗಾಜು ಬಿಚ್ಚಿ, ಚಿಮುಟದಿಂದ ಎಳೆಯನ್ನು ತೆಗೆದ. ಮುಳ್ಳು ತನ್ನ ಜಾಗಕ್ಕೆ ಮರಳಿತು. ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ. ನಿನ್ನೆ ಇದ್ದಷ್ಟೇ, ಮೊನ್ನೆ ಇದ್ದಷ್ಟೇ. ಆರು ನಿಮಿಷದ ಕೆಲಸ. ಇನ್ನು ದಿನಚರಿ ಪುಸ್ತಕದಲ್ಲಿ ‘ಗಾಳಿ ಸರಿಯಿದೆ’ ಎಂದು ಬರೆದು ಸಹಿ ಹಾಕಿದರೆ ಮುಗಿಯಿತು. ಆದರೆ ಅವನ ಮನಸ್ಸೆಲ್ಲ ಜೇಬಿನಲ್ಲಿದ್ದ ರಜೆ ಅರ್ಜಿಯ ಮೇಲಿತ್ತು. ಐದು ದಿನದ ಪ್ರಯಾಣದಾಚೆಯ ಗ್ರಹದಲ್ಲಿ ಮಗಳಿಗೆ ದಿನ ತುಂಬುತ್ತಿತ್ತು, ಚೊಚ್ಚಲ ಹೆರಿಗೆ. ಅಲ್ಲಿಗೆ ಹೋಗುವ ನೌಕೆ ಹನ್ನೊಂದು ತಿಂಗಳಿಗೊಮ್ಮೆ. ಇವತ್ತು ಸಂಜೆ ಐದಕ್ಕೆ ಅದು ಹೊರಡುವುದಿತ್ತು.

ಅರ್ಜಿಗೆ ಬೇಕಾಗಿದ್ದದ್ದು ನಿಲ್ದಾಣ ಸಮಿತಿಯ ಕಾರ್ಯದರ್ಶಿಯ ಒಂದು ಸಹಿ. ಕಾರ್ಯದರ್ಶಿ ಹದಿನೆಂಟು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ಎದ್ದು ನಮಸ್ಕಾರ ಹೇಳಿ, ಯಾರ ಕೆಲಸವನ್ನೂ ಮಾಡಿಕೊಡದೆ ಎಲ್ಲರಿಂದಲೂ ಒಳ್ಳೆಯವನೆನಿಸಿಕೊಂಡಿದ್ದ.

“ಗಂಟೆ ಹೊಡೀತಲ್ಲ ಮೇಸ್ತ್ರಿ, ಏನಾಯ್ತು?”

“ಏನಿಲ್ಲ ಸಾರ್. ಮುಳ್ಳಿಗೆ ಹತ್ತಿ ಸಿಕ್ಕೊಂಡಿತ್ತು, ತೆಗೆದೆ.”

“ಪುಸ್ತಕದಲ್ಲಿ ಬರೆದ್ರಾ?”

“ಇನ್ನೂ ಇಲ್ಲ. ಇದೊಂದು ಸಹಿ ಆದ್ರೆ...”

ಕಾರ್ಯದರ್ಶಿ ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದ. ನಿಯಮಾವಳಿಯನ್ನು ತೆರೆದು ಒಂಬತ್ತನೇ ನಿಯಮದ ಮೇಲೆ ಬೆರಳಿಟ್ಟ. ಗಂಟೆ ಹೊಡೆದ ಕ್ಷಣದಿಂದ ಗಾಳಿ ಮೇಸ್ತ್ರಿ ದಿನಚರಿಯಲ್ಲಿ ಬರೆಯುವ ತನಕ ಸಮಿತಿಯ ಸರ್ವಾಧಿಕಾರವೂ ಕಾರ್ಯದರ್ಶಿಯದು. ಆರು ನಿಮಿಷದ ಗಡಿಬಿಡಿಗೆಂದು ಹಿಂದೆ ಯಾರೋ ಮಾಡಿಟ್ಟ ನಿಯಮ. ಅದನ್ನು ಓದಿದ್ದವನು ಇಡೀ ನಿಲ್ದಾಣದಲ್ಲಿ ಇವನೊಬ್ಬನೇ.

“ಒಂದೇ ಒಂದು ಗಂಟೆ ಹೊತ್ತು ಬರೀಬೇಡಿ ಮೇಸ್ತ್ರಿ. ನೀರಿನ ಕೊಳವೆ ರಿಪೇರಿ ಎರಡು ವರ್ಷದಿಂದ ಸಮಿತೀಲಿ ಕೊಳೀತಾ ಇದೆ. ಒಂದು ಆದೇಶ ಹೊರಡಿಸಿ ಮುಗಿಸಿಬಿಡ್ತೀನಿ. ನಿಮ್ಮ ರಜೆ ನನಗೆ ಬಿಡಿ.”

ಮೇಸ್ತ್ರಿ ತಲೆಯಾಡಿಸಿದ. ಅವನ ಮನೆಯ ನಲ್ಲಿಯೂ ತೊಟ್ಟಿಕ್ಕುತ್ತಿತ್ತು.

ಹತ್ತು ಗಂಟೆಗೆ ಹೋದಾಗ ಬಾಗಿಲಲ್ಲಿ ಗುಮಾಸ್ತ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. “ಯಾರಿಗೆ ಬರೆದಿದೀರಿ ಇದನ್ನ? ಕಾರ್ಯದರ್ಶಿಗಳಿಗಾ? ಆ ಹುದ್ದೇನೇ ಇಲ್ಲ ಈಗ. ಸಮಿತಿ ವಿಸರ್ಜನೆ ಆಯ್ತು. ‘ಸಂರಕ್ಷಕರಿಗೆ’ ಅಂತ ಬರ್ಕೊಂಡು ಬನ್ನಿ.”

ಬರೆದುಕೊಂಡು ಮಧ್ಯಾಹ್ನ ಹೋದ. “‘ಮಹಾಸಂರಕ್ಷಕರಿಗೆ’ ಅಂತಿರ್ಬೇಕು. ಪಕ್ಕದ ಎರಡು ನಿಲ್ದಾಣ ನಮ್ಮ ಜೊತೆ ಸೇರಿದ್ವು.”

“ಯಾಕೆ ಸೇರಿದ್ವು?”

“ಅವರ ನೀರಿನ ನೌಕೆ ತುಂಬೋದು ನಮ್ಮ ಕೊಳವೆಯಿಂದ ತಾನೆ? ರಿಪೇರಿ ಅಂತ ನಿಲ್ಲಿಸಿದ್ವಿ.”

ಓಣಿಯಲ್ಲಿ ಜನ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಮದುವೆಮನೆಯಲ್ಲಿ ಚಪ್ಪಲಿ ಕಳೆದುಕೊಂಡವರ ಹಾಗೆ ಗೋಡೆ ಹಿಡಿದು ನಡೆಯುತ್ತಿದ್ದರು. ಗಾಳಿ ಉಳಿಸಲೆಂದು ಓಡುವುದು, ಹಾಡುವುದು, ಜೋರಾಗಿ ನಗುವುದು ನಿಷೇಧವಾಗಿತ್ತು. ಜಗಳ ಆಡಬಹುದಿತ್ತು, ಒಮ್ಮೆಗೆ ಒಬ್ಬರು ಮಾತ್ರ. ಎದುರುಮನೆ ಟೀಚರಮ್ಮ ಮೇಸ್ತ್ರಿಯನ್ನು ಅಡ್ಡಗಟ್ಟಿದರು.

“ಏನ್ರೀ, ಬೆಳಗ್ಗಿಂದ ಉಸಿರು ಕಟ್ತಾ ಇದೆ ನನಗೆ. ಒಂದು ಗಾಳಿ ಸರಿಮಾಡೋಕೆ ಇಷ್ಟು ಹೊತ್ತಾ?”

“ಮೂಗಿಗೆ ಬಟ್ಟೆ ಕಟ್ಟಿದೀರಲ್ಲ ಟೀಚರಮ್ಮ, ಅದಕ್ಕೇ ಕಟ್ತಿರೋದು.”

“ನನಗೇ ಪಾಠ ಹೇಳ್ತೀರಾ?”

ಪಕ್ಕದಲ್ಲಿದ್ದ ಕ್ಷೌರಿಕ ತನ್ನ ಸರದಿಗೆ ಕಾದಿದ್ದು ಬಾಯಿ ಹಾಕಿದ. “ಪಾಪ, ಮಹಾಸಂರಕ್ಷಕರು ಊಟಾನೂ ಬಿಟ್ಟು ಒದ್ದಾಡ್ತಿದಾರೆ. ಇವರು ನೋಡಿ, ಕೈಯಲ್ಲಿ ರಜೆ ಅರ್ಜಿ ಹಿಡ್ಕೊಂಡು ತಿರುಗ್ತಿದಾರೆ!”

ಗಾಳಿ ಸರಿಯಾಗೇ ಇದೆ ಮಾರಾಯ ಎಂಬ ಮಾತು ಮೇಸ್ತ್ರಿಯ ನಾಲಿಗೆಯ ತುದಿಗೆ ಬಂತು. ಹಾಗೆ ಹೇಳಿದರೆ ರಜೆ ಹೋಯಿತು. ನುಂಗಿಕೊಂಡ.

ಮೂರು ಗಂಟೆಯ ಹೊತ್ತಿಗೆ ಎರಡು ಉಪಗ್ರಹಗಳೂ ಒಂದು ಧೂಮಕೇತುವೂ ಶರಣಾಗಿದ್ದವು. ಧೂಮಕೇತುವಿನಲ್ಲಿ ಯಾರೂ ವಾಸವಿರಲಿಲ್ಲ. ಪಟ್ಟಿ ಉದ್ದವಾಗಲಿ ಎಂದು ಗುಮಾಸ್ತನೇ ಸೇರಿಸಿದ್ದ. ಈ ಸಲ ಮೇಸ್ತ್ರಿ ‘ಇವರಿಗೆ’ ಎಂಬುದರ ಮುಂದೆ ಜಾಗ ಖಾಲಿ ಬಿಟ್ಟು ತಂದಿದ್ದ. “ನೀವೇ ತುಂಬ್ಕೊಳ್ಳಿ ಸಾರ್. ನನಗೆ ಸಾಕಾಗಿದೆ.”

ಗುಮಾಸ್ತ ‘ಚಕ್ರವರ್ತಿಗಳು’ ಎಂದು ತುಂಬಿದ.

ಒಳಗೆ ಅದೇ ಕುರ್ಚಿ, ಕೆಳಗೆ ಎರಡು ಮರದ ಪೆಟ್ಟಿಗೆ. ಕಿಟಕಿಯ ಪರದೆ ಚಕ್ರವರ್ತಿಯ ಹೆಗಲ ಮೇಲಿತ್ತು. ಅವನು ಅರ್ಜಿಯನ್ನು ಓದಲೂ ಇಲ್ಲ, ಸರಕ್ಕನೆ ಸಹಿ ಹಾಕಿದ. “ಹೋಗಿ ಬನ್ನಿ ಮೇಸ್ತ್ರಿ. ಮೊಮ್ಮಗೂನ ಎತ್ತಿ ಆಡಿಸಿ, ನಿಧಾನವಾಗಿ ಬನ್ನಿ. ಪುಸ್ತಕದ ಚಿಂತೆ ಬಿಟ್ಟುಬಿಡಿ.”

ನಾಲ್ಕೂಮುಕ್ಕಾಲಿಗೆ ನೌಕೆಯಲ್ಲಿ ಹೆಂಡತಿಯ ಪಕ್ಕ ಕೂತು ಪಟ್ಟಿ ಬಿಗಿದುಕೊಂಡಾಗ ಆ ಕೊನೆಯ ಮಾತು ಅವನಿಗೆ ಅರ್ಥವಾಯಿತು. ದಿನಚರಿಯಲ್ಲಿ ಬರೆಯುವ ಅಧಿಕಾರ ಇರುವುದು ಅವನಿಗೊಬ್ಬನಿಗೆ. ಅವನು ಹೋದರೆ ಹನ್ನೊಂದು ತಿಂಗಳು ಆ ಪುಟ ಖಾಲಿ. ನಾಲ್ಕು ಸಾವಿರ ಜನ ಹನ್ನೊಂದು ತಿಂಗಳು ಮೂಗು ಕಟ್ಟಿಕೊಂಡು, ನಗದೆ, ಗೋಡೆ ಹಿಡಿದು ನಡೆಯಬೇಕು. ಅವನು ಪಟ್ಟಿ ಬಿಚ್ಚಿದ.

“ಎಲ್ಲಿಗ್ರೀ?”

“ಹತ್ತು ನಿಮಿಷ. ಎರಡು ಪದ ಬರೆದು ಬಂದೆ.”

“ಇಡೀ ದಿನ ಏನು ಮಾಡ್ತಿದ್ರಿ ಹಾಗಾದ್ರೆ?”

ಅವನು ಆಗಲೇ ಬಾಗಿಲು ದಾಟಿದ್ದ. ನಿಷೇಧವಿದ್ದರೂ ಓಡಿದ. ನಾಲ್ಕನೇ ಅಂತಸ್ತಿಗೆ ಹೋಗಿ, ಏದುಸಿರಲ್ಲೇ ‘ಗಾಳಿ ಸರಿಯಿದೆ’ ಎಂದು ಬರೆದು ಸಹಿ ಹಾಕಿ, ಹಸಿರು ಗುಂಡಿ ಒತ್ತಿದ. ಓಣಿಗಳಲ್ಲೆಲ್ಲ ಹಸಿರು ದೀಪ ಹತ್ತಿತು. ಜನ ಓಡಿಬಂದರು. ಅವರ ಹಿಂದೆ, ಪರದೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡು ಚಕ್ರವರ್ತಿಯೂ ಬಂದ.

ಅವನು ಪುಟವನ್ನು ಓದಿದ. ಒಂದು ಗಳಿಗೆ ಅವನ ಮುಖ ಹದಿನೆಂಟು ವರ್ಷದ ಹಳೆಯ ಕಾರ್ಯದರ್ಶಿಯದಾಯಿತು. ಆಮೇಲೆ ಅವನು ಮೇಸ್ತ್ರಿಯ ಏಣಿಯನ್ನು ಹತ್ತಿದ.

“ನೋಡಿದ್ರಾ! ನಾನು ಬಂದು ಎಂಟೇ ಗಂಟೇಲಿ ಗಾಳಿ ಸರಿಯಾಯ್ತು! ಸಮಿತಿ ಇದ್ದಿದ್ರೆ ಎಂಟು ವರ್ಷ ಆಗ್ತಿತ್ತು!”

“ಬೆಳಗ್ಗೆ ಆರು ನಿಮಿಷಕ್ಕೇ ಸರಿ...” ಎಂದ ಮೇಸ್ತ್ರಿಯ ಮಾತು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

“ಇನ್ನು ಬದುಕಿರೋ ತನಕ ಇವರೇ ಇರ್ಲಿ!” ಎಂದು ಕ್ಷೌರಿಕ ಕೂಗಿದ. ಒಂದೊಂದಾಗಿ ಎಲ್ಲರ ಕೈಗಳೂ ಮೇಲೆದ್ದವು. ಇನ್ನು ಚಕ್ರವರ್ತಿಗೆ ಒಂಬತ್ತನೇ ನಿಯಮದ ಹಂಗೂ ಇರಲಿಲ್ಲ.

ಅವನು ಇಳಿದುಬಂದು ಮೇಸ್ತ್ರಿಯ ಹೆಗಲ ಮೇಲೆ ಕೈ ಹಾಕಿದ. “ನಿಮ್ಮ ಉಸಿರು ಉಳಿಸಿದ ಕೈ ಇದು. ಇವರಿಗೆ ರಜೆ ಕೊಟ್ಟಿದೀನಿ. ಕಳಿಸ್ಲಾ?”

“ಬೇಡ! ಬೇಡ!” ಎಲ್ಲರಿಗಿಂತ ಜೋರು ದನಿ ಟೀಚರಮ್ಮನದು. “ಅವರು ಹೋದ್ರೆ ನಮ್ಮ ಗತಿ ಏನು? ಎಲ್ಲಿಗೂ ಕಳಿಸ್ಬೇಡಿ!”

“ಜನರ ಮಾತು ಮೀರೋಕೆ ನಾನ್ಯಾರು ಮೇಸ್ತ್ರಿ?” ಎಂದು ಚಕ್ರವರ್ತಿ ಅವನ ಜೇಬಿಗೇ ಕೈಹಾಕಿ ಅರ್ಜಿಯನ್ನು ತೆಗೆದು, ಮಡಚಿ, ತನ್ನಲ್ಲಿಟ್ಟುಕೊಂಡ.

ಐದು ಗಂಟೆಗೆ ಸರಿಯಾಗಿ ನೌಕೆ ಕಳಚಿಕೊಂಡಿತು. ನೌಕೆಯ ದುಂಡು ಗಾಜಿನ ಹಿಂದೆ ಹೆಂಡತಿಯ ಕೈ ಆಡುತ್ತಿದ್ದದ್ದು ನಾಲ್ಕನೇ ಅಂತಸ್ತಿನ ಕಿಟಕಿಯಿಂದ ಮೇಸ್ತ್ರಿಗೆ ಕಾಣಿಸಿತು. ಬೀಸುತ್ತಿದ್ದಳೋ ಹಣೆ ಚಚ್ಚಿಕೊಳ್ಳುತ್ತಿದ್ದಳೋ, ಅಷ್ಟು ದೂರದಿಂದ ತಿಳಿಯಲಿಲ್ಲ.

ಟೀಚರಮ್ಮ ಮೂಗಿನ ಬಟ್ಟೆ ಬಿಚ್ಚಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡರು.

“ಆಹಾ! ಬೆಳಗಿನ ಗಾಳಿಗೂ ಈಗಿನ ಗಾಳಿಗೂ ಎಷ್ಟು ವ್ಯತ್ಯಾಸ, ಅಲ್ವೇನ್ರೀ?”

“ಹೌದು ಟೀಚರಮ್ಮ,” ಎಂದ ಮೇಸ್ತ್ರಿ, “ತುಂಬಾ ವ್ಯತ್ಯಾಸ.”